ಪುಟ್ ಅಪ್ ವಿತ್ ಮತ್ತು ನಮ್ಮಜ್ಜಿಯ ಚೆಂಬು

ಬೇಲೂರಿನ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ದೇವರಗೂಡನ್ನು ಮುಚ್ಚಿಕೊಂಡು ಒಂದು ಕಪ್ಪು ಹಲಗೆ ಇತ್ತು. ಮನೆ ಕಟ್ಟಿಸಿದವರು ಗೋಡೆಯೊಳಗೆ ದೇವರಿಗೆಂದು ಗೂಡು ಬಿಟ್ಟಿದ್ದರು. ಬೌದ್ಧನಾದ ನನ್ನ ಅಪ್ಪ ಅದನ್ನು ಏನು ಮಾಡುವುದೆಂದು ಕೆಲವು ದಿನ ಯೋಚಿಸಿ, ಕೊನೆಗೆ ಅದರ ಮೇಲೆ ಹಲಗೆ ಹೊಡೆಸಿದ. ಎದುರು ಗೋಡೆಯ ಮೇಲೆ ಬುದ್ಧನ ಪಟ. ನಾನು ಮತ್ತು ನನ್ನ ತಂಗಿ ಗೌತಮಿ ಬುದ್ಧನಿಗೂ ಇಂಗ್ಲಿಷಿಗೂ ನಡುವೆ ಕೂತು ಉಂಡು ಬೆಳೆದೆವು. ಹೀಗೆ ಬರೆದ ತಕ್ಷಣ ವಾಕ್ಯ ಚೆನ್ನಾಗಿದೆ ಅನ್ನಿಸುತ್ತದೆ, ಚೆನ್ನಾಗಿದೆ ಎಂಬ ಕಾರಣಕ್ಕೇ ಅನುಮಾನ ಬರುತ್ತದೆ. ಈಗ ಅರಸೀಕೆರೆಯಲ್ಲಿರುವ ಗೌತಮಿಗೆ ಫೋನ್ ಮಾಡಿ ಕೇಳಿದರೆ, ನಾವು ದಿನಾ ಉಣ್ಣುತ್ತಿದ್ದುದು ಅಡುಗೆಮನೆಯಲ್ಲಿ, ನಡುಮನೆಯಲ್ಲಿ ಎಲೆ ಹಾಕುತ್ತಿದ್ದುದು ನೆಂಟರು ಬಂದಾಗ ಮಾತ್ರ ಎನ್ನುತ್ತಾಳೆ. ಇರಬಹುದು. ಹಲಗೆಯಂತೂ ಇತ್ತು. ಅದರ ಸೀಮೆಸುಣ್ಣದ ಪುಡಿ ಉದುರಿ ಕೆಳಗಿನ ಕೆಂಪು ಗಾರೆಯ ಮೇಲೆ ಬೀಳುತ್ತಿತ್ತು. ಅಜ್ಜಿ ಅದನ್ನು ಗುಡಿಸುವಾಗ ವಿಭೂತಿ ಉದುರಿಸುವ ಗೋಡೆ ಎಂದು ಗೊಣಗುತ್ತಿದ್ದಳು.

ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅವನ ವಂಶದಲ್ಲಿ ಇಂಗ್ಲಿಷ್ ಓದಿದ ಮೊದಲನೆಯವನು. ಓದಿದ್ದನ್ನು ತಾನೊಬ್ಬನೇ ಇಟ್ಟುಕೊಳ್ಳಬಾರದೆಂದು ವಾರಕ್ಕೊಂದು ಇಂಗ್ಲಿಷ್ ನುಡಿಗಟ್ಟನ್ನು ಹಲಗೆಯ ಮೇಲೆ ಬರೆಯುತ್ತಿದ್ದ. ಊಟಕ್ಕೆ ಕೂತಾಗ ಮನೆಯ ಎಲ್ಲರೂ ಅದನ್ನು ಬಳಸಿ ಒಂದು ವಾಕ್ಯ ಹೇಳಬೇಕು. ಅಮ್ಮ ಬಿಕ್ಕೋಡಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಎಸ್ಟೇಟಿನ ಆಳುಗಳು ತುಂಬಿದ ಬಸ್ಸಿನಲ್ಲಿ ನಿಂತು ಬಂದು ಸುಸ್ತಾಗಿದ್ದರೂ ಅವಳಿಗೂ ವಿನಾಯಿತಿ ಇರಲಿಲ್ಲ. ಅಜ್ಜಿ ಕನ್ನಡದಲ್ಲಿ ಹೇಳಿದರೆ ಸಾಕು, ಅಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹಲಗೆಯ ಮೇಲೆ ಬರೆಯುತ್ತಿದ್ದ. ಮುದ್ದೆ ಕೈಯಲ್ಲಿ ಹಿಡಿದೇ ಅಜ್ಜಿ ತನ್ನ ಮಾತನ್ನು ಸುಣ್ಣದ ಅಕ್ಷರದಲ್ಲಿ ನೋಡುತ್ತಿದ್ದಳು. ಓದಲು ಬರದಿದ್ದರೂ, ಯಾವುದು ತನ್ನ ಸಾಲು ಎಂದು ಮಾರನೆಯ ದಿನವೂ ಬೆರಳಿಟ್ಟು ತೋರಿಸುತ್ತಿದ್ದಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಹಳೇಬೀಡಿನಿಂದ ಹುಲಿಕೆರೆ ದಾಟಿ ಮುಂದೆ ಹೋದರೆ ಸಿಗುವ ಒಂದು ಸಣ್ಣ ಊರಿನ ಕೇರಿಯಿಂದ ಬಂದವಳು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಾಗ ಮನೆಯ ದೇವರ ಪಟಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಕೆರೆಗೆ ಬಿಟ್ಟು ಬಂದಿದ್ದ. ಅಜ್ಜಿ ತಡೆಯಲಿಲ್ಲವಂತೆ. ಒಂದು ತಾಮ್ರದ ಚೆಂಬನ್ನು ಮಾತ್ರ ಚೀಲದಿಂದ ತೆಗೆದುಕೊಂಡು, ಇದು ಪಾತ್ರೆ, ನೀರಿಗೆ ಬೇಕಾಗುತ್ತೆ ಎಂದಳಂತೆ. ಅದು ಪಾತ್ರೆಯಲ್ಲ, ಅವಳ ಮಾರಮ್ಮನ ಕಳಶದ ಚೆಂಬು ಎಂಬುದು ಅಪ್ಪನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತು ಎಂಬುದು ಅಜ್ಜಿಗೂ ಗೊತ್ತಿತ್ತು. ಅರಿಶಿನ ಕುಂಕುಮ ಹಚ್ಚುವಂತಿಲ್ಲ, ಹೂ ಇಡುವಂತಿಲ್ಲ ಎಂಬ ಕರಾರಿನ ಮೇಲೆ ಚೆಂಬು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಒಂಟಿಯಾಗಿ ಕೂತಿತು. ಅದರಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಮಂಗಳವಾರ, ಶುಕ್ರವಾರ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಹುಣಸೆಹಣ್ಣು ನೆನೆಸಿ, ಹಿತ್ತಿಲ ಕಲ್ಲಿನ ಮೇಲೆ ಕೂತು ಆ ಚೆಂಬನ್ನು ಉಜ್ಜುತ್ತಿದ್ದಳು. ಬಹಳ ಹೊತ್ತು ಉಜ್ಜುತ್ತಿದ್ದಳು. ಬಾಯಲ್ಲಿ ಏನೋ ಸಣ್ಣಗೆ ಹೇಳಿಕೊಳ್ಳುತ್ತಿದ್ದಳು. ಪಾತ್ರೆ ತೊಳೆಯಬೇಡ ಎಂದು ಯಾವ ಮಗ ತಾಯಿಗೆ ಹೇಳಲು ಸಾಧ್ಯ? ಅವಳ ಪೂಜೆಯೆಲ್ಲ ಆ ಉಜ್ಜುವಿಕೆಯೊಳಗೆ ಹೋಗಿ ಸೇರಿಕೊಂಡಿತ್ತು.

ಒಂದು ಬೇಸಿಗೆಯಲ್ಲಿ ಅಪ್ಪ ಹಲಗೆಯ ಮೇಲೆ ಬರೆದದ್ದು ‘ಪುಟ್ ಅಪ್ ವಿತ್’. ಮೂರು ಪುಟ್ಟ ಪದ, ಬಿಡಿಬಿಡಿಯಾಗಿ ಯಾವುದಕ್ಕೂ ಈ ಅರ್ಥವಿಲ್ಲ, ಮೂರೂ ಕೂಡಿದರೆ ಸಹಿಸಿಕೊಳ್ಳುವುದು ಎಂದಾಗುತ್ತದೆ ಎಂದು ವಿವರಿಸಿದ. ಬರೀ ಸಹಿಸುವುದಲ್ಲ, ಇಷ್ಟವಿಲ್ಲದ್ದನ್ನು ದೊಡ್ಡ ಜಗಳ ಮಾಡದೆ ಸಹಿಸುವುದು. ಸೆಕೆ, ಗಲಾಟೆ, ಹಲ್ಲುನೋವು, ಪಕ್ಕದ ಮನೆಯವರು, ಇಂಥವಕ್ಕೆ ಹೇಳಬೇಕು. ಪ್ರೀತಿಯಿಂದ ಮಾಡುವುದಕ್ಕೆ ಹೇಳಬಾರದು. ಮಗುವನ್ನು ಎತ್ತಿಕೊಂಡ ತಾಯಿ ಮಗುವಿನ ಭಾರವನ್ನು ಪುಟ್ ಅಪ್ ವಿತ್ ಮಾಡುತ್ತಾಳೆ ಎಂದರೆ ತಪ್ಪು ಎಂದ. ಪುಸ್ತಕಗಳಲ್ಲಿ ಇದು ಹೆಚ್ಚಾಗಿ ‘ಆಗುವುದಿಲ್ಲ’ ಎಂಬುದರ ಜೊತೆಗೇ ಬರುತ್ತದೆ, ಇನ್ನು ಸಹಿಸಲಾರೆ ಎನ್ನುವಾಗ, ಎಂದೂ ಹೇಳಿದ. ಅಜ್ಜಿ ನಕ್ಕಳು.

“ತಡ್ಕೊಳ್ಳಕ್ಕೆ ಆಗಲ್ಲ ಅನ್ನಕ್ಕೂ ಅವ್ರಿಗೆ ಮೂರು ಮಾತು ಬೇಕೇನೋ? ನಾವು ಎದ್ದು ಹೋಯ್ತೀವಿ ಅಷ್ಟೇಯ.”

ಅಮ್ಮ ಬಿಕ್ಕೋಡಿನ ಬಸ್ಸಿನ ಮೇಲೆ ವಾಕ್ಯ ಮಾಡಿದಳು. ಗೌತಮಿ ನನ್ನ ಮೇಲೆ ಮಾಡಿದಳು. ನಾನು ಏನು ಮಾಡಿದೆನೋ ನೆನಪಿಲ್ಲ. ಆಮೇಲೆ ಅಪ್ಪ ತನ್ನ ವಾಕ್ಯವನ್ನು ಇಂಗ್ಲಿಷಿನಲ್ಲಿಯೇ ಹೇಳಿದ. ಈ ಮನೆಯಲ್ಲಿ ನಾನು ಒಂದು ಚೆಂಬನ್ನು ಪುಟ್ ಅಪ್ ವಿತ್ ಮಾಡುತ್ತಿದ್ದೇನೆ ಎಂಬುದು ಅದರ ಅರ್ಥ. ತಮಾಷೆಗೆ ಹೇಳಿದನೇ? ಅಮ್ಮ ಸಾಯುವವರೆಗೂ ತಮಾಷೆಗೇ ಎನ್ನುತ್ತಿದ್ದಳು. ನನಗೆ ಅವನ ಮುಖ ಕಾಣಿಸುವುದಿಲ್ಲ, ಸುಣ್ಣ ಹಿಡಿದ ಕೈ ಅಡುಗೆಮನೆಯ ಕಡೆ ತೋರಿಸಿದ್ದು ಮಾತ್ರ ಕಾಣಿಸುತ್ತದೆ. ಆ ಕೈಯನ್ನು ಅಜ್ಜಿಯೂ ನೋಡಿದಳು.

“ಏನಂದ ಇವ್ನು, ಹೇಳಮ್ಮಿ,” ಎಂದು ಅಮ್ಮನನ್ನು ಕೇಳಿದಳು.

“ಏನಿಲ್ಲ ಅತ್ತೆ, ಪಾಠ.”

“ನನ್ನ ಚೆಂಬಿನ ಮೇಲೆ ಪಾಠ ಮಾಡ್ತಾವ್ನೆ, ಅಷ್ಟು ತಿಳೀತು. ಏನಂದ?”

ಅಪ್ಪನೇ ಹೇಳಿದ. “ನಂಗೆ ಇಷ್ಟ ಇಲ್ದಿದ್ರೂ ಇಟ್ಕೊಂಡಿದೀನಿ ಅಂದೆ ಅವ್ವ.”

ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಲಿಲ್ಲ, ಎದ್ದೂ ಹೋಗಲಿಲ್ಲ. ಎದುರು ಗೋಡೆಯ ಪಟದ ಕಡೆ ಒಮ್ಮೆ ನೋಡಿದಳು.

“ನಿನ್ನ ಬುದ್ಧಪ್ಪನ್ನ ನಾನು ಇಷ್ಟಪಟ್ಟೇ ಇಟ್ಕೊಂಡಿವ್ನಿ ಕಣೋ. ದಿನಾ ಬೆಳಿಗ್ಗೆ ಅವನ ಮಕ ಒರೆಸ್ತೀನಿ. ಪಾಪ ಕಣ್ಣು ಮುಚ್ಕೊಂಡು ಕೂತವ್ನೆ, ಧೂಳು ಬಿದ್ರೂ ತಿಳಿಯಾಕಿಲ್ಲ ಅಂತ. ಈ ಮನೇಲಿ ನಾನು ಯಾರನ್ನೂ ಸೈಸ್ಕೊಂಡಿಲ್ಲಪ್ಪ. ನೀನು ಸೈಸ್ಕೊಂಡಿದೀಯ ಅಂತ ನಂಗೆ ಗೊತ್ತಿರ್ನಿಲ್ಲ.”

ಆ ವಾಕ್ಯವನ್ನು ಅಪ್ಪ ಹಲಗೆಯ ಮೇಲೆ ಬರೆಯಲಿಲ್ಲ.

ಅಪ್ಪನಿಗೆ ಅನ್ಯಾಯ ಮಾಡದೆ ಇದನ್ನು ಹೇಳಬೇಕು. ಅವನ ಸಿಟ್ಟು ಪುಸ್ತಕದಿಂದ ಬಂದದ್ದಲ್ಲ. ಅವನ ಅಪ್ಪ, ಅಂದರೆ ನಾನು ಕಾಣದ ನನ್ನ ತಾತ, ಊರ ಮಾರಮ್ಮನಿಗೆ ತಮಟೆ ಬಡಿಯುತ್ತಿದ್ದ. ಹಬ್ಬದಲ್ಲಿ ಬಲಿಯ ರಕ್ತ ಕಲಸಿದ ಅನ್ನವನ್ನು ಊರ ಎಲ್ಲೆಯುದ್ದಕ್ಕೂ ಚೆಲ್ಲುತ್ತ ಸುತ್ತುವುದೂ ಅವನ ಪಾಲಿನ ಕೆಲಸವಾಗಿತ್ತು. ಊರು ಕಾಯುವ ಅನ್ನವನ್ನು ಹೊತ್ತು ತಿರುಗಿದವನು ಗುಡಿಯ ಬಾಗಿಲಿಂದ ದೂರ ನಿಂತು ಕೈಮುಗಿಯಬೇಕಿತ್ತು. ಅಪ್ಪ ಚಿಕ್ಕವನಿದ್ದಾಗ ಅವನ ಹಿಂದೆ ಹಿಂದೆ ನಡೆದಿದ್ದ. ಅರಸೀಕೆರೆಯ ಹಾಸ್ಟೆಲ್ಲಿಗೆ ಓದಲು ಹೋದವನು ಆ ಹಬ್ಬಕ್ಕೆ ಮತ್ತೆ ಊರಿಗೆ ಕಾಲಿಡಲಿಲ್ಲ. ಚೆಂಬನ್ನು ನೋಡಿದಾಗಲೆಲ್ಲ ಅವನಿಗೆ ಕಾಣುತ್ತಿದ್ದುದು ಅದು. ಮಾರಮ್ಮನ ವಿಷಯ ಎದ್ದಾಗ ತಾಯಿ ಮಗ ಆಡುತ್ತಿದ್ದುದು ಹೆಚ್ಚುಕಡಿಮೆ ಎರಡೇ ಮಾತು.

“ಅಪ್ಪನ್ನ ಗುಡಿ ಹೊರಗೆ ನಿಲ್ಲಿಸಿದೋಳು ಅವಳು.”

“ನಿಲ್ಲಿಸಿದ್ದು ಊರೋರು ಕಣೋ. ಅವಳಾಗೇ ನಮ್ಮ ಮನೆಗೆ ಬಂದಿದ್ಲು.”

ಆ ವರ್ಷ ಬುದ್ಧ ಪೂರ್ಣಿಮೆಯ ವಂದನೆಯನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದೆಂದು ಗೊತ್ತಾಯಿತು. ಹೊರಗಿನಿಂದ ಒಬ್ಬ ಬೌದ್ಧ ಭಿಕ್ಷು, ಭಂತೇಜಿ, ಬರುವವರಿದ್ದರು. ಮೇಷ್ಟ್ರ ಮನೇಲಿ ಇನ್ನೂ ಮಾರಮ್ಮ ಐತಂತೆ ಎಂದು ನಮ್ಮವರೇ ಆಡಿಕೊಳ್ಳುತ್ತಿದ್ದುದು ಅಪ್ಪನ ಕಿವಿಗೆ ಬಿದ್ದಿತ್ತು. ಅದೊಂದು ದಿನದ ಮಟ್ಟಿಗೆ ಚೆಂಬನ್ನು ಅಟ್ಟಕ್ಕೆ ಹಾಕೋಣ ಎಂದ. ಅದು ಅಟ್ಟಕ್ಕೆ ಹೋದರೆ ತಾನು ಮಗಳ ಮನೆಗೆ ಹೋಗುವುದಾಗಿ ಅಜ್ಜಿ ಹೇಳಿದಳು, ಸಿಟ್ಟಿನಿಂದಲ್ಲ, ನಾಳೆ ಮೋಡ ಆಗಬಹುದು ಎನ್ನುವ ಧಾಟಿಯಲ್ಲಿ. ಎರಡು ದಿನ ಮನೆಯಲ್ಲಿ ಬಿಗಿ. ಕೊನೆಗೆ ಅಮ್ಮ ದಾರಿ ಹುಡುಕಿದಳು. ಚೆಂಬು ಅಟ್ಟಕ್ಕೂ ಬೇಡ, ಒಂಟಿಯಾಗಿ ಮೇಲಿನ ಶೆಲ್ಫಿನಲ್ಲೂ ಬೇಡ, ನೀರಿನ ಬಿಂದಿಗೆ ತಂಬಿಗೆಗಳ ಸಾಲಿನಲ್ಲಿ ಇರಲಿ. ನೋಡಿದವರಿಗೆ ಪಾತ್ರೆಗಳ ನಡುವೆ ಒಂದು ಪಾತ್ರೆ, ಅತ್ತೆಗೆ ಅವರ ಮಾರಮ್ಮ. ಇಬ್ಬರೂ ಒಪ್ಪಿದರು. ಆಸ್ಪತ್ರೆಯಲ್ಲಿ ದಿನಾ ಹತ್ತು ಜನರ ಜಗಳ ಬಿಡಿಸುತ್ತಿದ್ದ ಅಮ್ಮನಿಗೆ ಇದು ತಾನು ಮಾಡಿದ ಒಳ್ಳೆಯ ರಾಜಿ ಅನ್ನಿಸಿರಬೇಕು.

ವಂದನೆಯ ದಿನ ಮನೆ ತುಂಬ ಜನ. ನಡುಮನೆಯಲ್ಲಿ ಜಮಖಾನ, ಬಿಳಿ ಬಟ್ಟೆಯ ಗಂಡಸರು ಹೆಂಗಸರು, ಮೇಣದಬತ್ತಿ, ಹೂ. ಹಲಗೆಯ ಮೇಲೆ ಅಪ್ಪ ಪಂಚಶೀಲಗಳನ್ನು ಮುದ್ದಾಗಿ ಬರೆದಿದ್ದ. ಅಜ್ಜಿ ಹಿಂದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಗೊತ್ತಿಲ್ಲದ ಪಾಲಿ ಮಾತುಗಳಿಗೆ ಎಲ್ಲರ ಜೊತೆ ತುಟಿ ಅಲ್ಲಾಡಿಸಿದಳು. ಪ್ರಾರ್ಥನೆ ಮುಗಿದು ಪಾಯಸ ಹಂಚುವಾಗ ಮನೆಯ ಲೋಟಗಳೆಲ್ಲ ಪಾಯಸಕ್ಕೆ ಹೋದವು. ಬಿಸಿಲಲ್ಲಿ ಬಂದಿದ್ದ ಭಂತೇಜಿ ನೀರು ಕೇಳಿದರು. ಯಾರೋ ಒಳಗಿಂದ ಆ ಚೆಂಬಿನಲ್ಲೇ ನೀರು ತಂದು ಅವರ ಕೈಗೆ ಕೊಟ್ಟರು. ಆ ‘ಯಾರೋ’ ಯಾರೆಂದು ನನಗೆ ಇಂದಿಗೂ ಬರೆಯಲು ಬರುವುದಿಲ್ಲ. ಪಕ್ಕದ ಮನೆಯಾಕೆ ಎಂದು ಗೌತಮಿ ಖಡಾಖಂಡಿತ ಹೇಳುತ್ತಾಳೆ. ತಾನೇ ಇರಬೇಕು ಎಂದು ಅಮ್ಮ ಒಮ್ಮೆ ಹೇಳಿದ್ದಳು, ಇನ್ನೊಮ್ಮೆ ಇಲ್ಲವೆಂದಳು. ನನ್ನ ನೆನಪಿನಲ್ಲಿ ಬಳೆಯಿರುವ ಒಂದು ಕೈ ಇದೆ, ಮುಖವಿಲ್ಲ. ಕೊಟ್ಟವರು ಯಾರಾದರೇನು, ಆಮೇಲೆ ಆದದ್ದನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ನಮ್ಮ ಕಡೆ ಚೆಂಬನ್ನು ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಾರೆ. ಭಂತೇಜಿ ಕಚ್ಚಿ ಕುಡಿದರು. ತಾಮ್ರದ ಅಂಚಿಗೆ ತುಟಿಯೊತ್ತಿ, ಕಣ್ಣು ಮುಚ್ಚಿ, ಬಾಯಾರಿದ ಮನುಷ್ಯ ಕುಡಿಯುವ ಹಾಗೆ ಪೂರ್ತಿ ಕುಡಿದರು.

ಅಪ್ಪ ಅಜ್ಜಿಯನ್ನು ನೋಡಿದ. ಅಜ್ಜಿ ಹೊಸ್ತಿಲಿಂದ ಎದ್ದು ಬಂದು ಕೈ ಚಾಚಿದಳು.

“ಇನ್ನೊಂಚೂರು ಕೊಡ್ಲಾ ಸ್ವಾಮಿ?”

“ಸಾಕು ತಾಯಿ. ನೀರು ತಣ್ಣಗಿದೆ.”

“ತಾಮ್ರದ್ದು. ತಣ್ಣಗೇ ಇರ್ತದೆ.”

ಸಂಜೆ ಎಲ್ಲರೂ ಹೋದ ಮೇಲೆ ಅಜ್ಜಿ ಚೆಂಬನ್ನು ಉಳಿದ ಎಂಜಲು ಪಾತ್ರೆಗಳ ಜೊತೆಗೇ ಸೋಪುಪುಡಿ ಹಾಕಿ ತೊಳೆದು ಬುಟ್ಟಿಯಲ್ಲಿ ಮಗುಚಿ ಹಾಕಿದಳು. ಅಪ್ಪ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಯಾರು ಕೊಟ್ಟರೋ ತನಗೆ ಗೊತ್ತಿಲ್ಲ ಎಂದ. ನೀನು ಕೊಟ್ಟೆ ಅಂತ ನಾನಂದ್ನೇನೋ ಎಂದಳು ಅಜ್ಜಿ. ಬುಟ್ಟಿಯನ್ನು ಗೋಡೆಗೆ ಸರಿಸುತ್ತ, ಎಂಜಲಾಯ್ತಲ್ಲ, ಅವಳು ಹೋದ್ಲು ಎಂದಳು. ಬೈಯಲಿಲ್ಲ, ಅಳಲಿಲ್ಲ. ಮಗಳ ಮನೆಯ ಮಾತನ್ನೂ ಎತ್ತಲಿಲ್ಲ.

ಮುಂದಿನ ಮಂಗಳವಾರ ಹುಣಸೆಹಣ್ಣು ನೆನೆಯಲಿಲ್ಲ. ಶುಕ್ರವಾರವೂ ಇಲ್ಲ. ತಾಮ್ರ ಬೇಗ ಕಪ್ಪಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ನಾವು ಕಂಡದ್ದು ಅಜ್ಜಿಯ ಹೊಸ ರೀತಿಯನ್ನು. ನಮ್ಮ ಮನೆಯ ಅಡುಗೆ ಅವಳದಾಗಿತ್ತು. ಅಮ್ಮ ಕೆಲಸದಿಂದ ಬರುವಷ್ಟರಲ್ಲಿ ಸಾರು ಯಾವುದು, ಯಾರು ಎಷ್ಟು ಉಣ್ಣಬೇಕು, ಯಾರಿಗೆ ತುಪ್ಪ ಇಲ್ಲ, ಎಲ್ಲವನ್ನೂ ಅವಳೇ ತೀರ್ಮಾನಿಸಿರುತ್ತಿದ್ದಳು. ಅಪ್ಪ ಬೇಡವೆಂದರೂ ಇನ್ನೊಂದು ಮುದ್ದೆ ತಟ್ಟೆಗೆ ಬೀಳುತ್ತಿತ್ತು. ಅಂಥವಳು ಈಗ ಕೇಳಲು ಶುರು ಮಾಡಿದಳು. ಒಲೆ ಹಚ್ಚಲಾ? ಇವತ್ತು ಸಾರಿಗೆ ಏನು ಮಾಡ್ಲಿ? ಒಂಚೂರು ಬಾಗಿಲು ಮುಂದೆ ಮಾಡ್ಕೊಳ್ಲಾ, ಬಿಸಿಲು ಬತ್ತದೆ? ಒಂದು ಬೆಳಿಗ್ಗೆ, ಬುದ್ಧನ ಪಟದ ಮುಂದೆ ಬಟ್ಟೆ ಹಿಡಿದು ನಿಂತು, ಒರೆಸಬಹುದಾ ಎಂದು ಅಪ್ಪನನ್ನು ಕೇಳಿದಳು. ಮಾತಿನಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದರೆ ಅಪ್ಪ ಜಗಳ ಮಾಡಿ ಹಗುರಾಗುತ್ತಿದ್ದ. ತನ್ನನ್ನು ಸಹಿಸಿಕೊಂಡಿರುವ ಮನೆಯಲ್ಲಿ ಹೇಗಿರಬೇಕೋ ಹಾಗೆ ಇರುವುದನ್ನು ಅವಳು ನಿಧಾನವಾಗಿ ಕಲಿಯುತ್ತಿದ್ದಳು. ಊರಲ್ಲಿ ಗುಡಿಯ ಮುಂದೆ, ದೊಡ್ಡವರ ಜಗಲಿಯ ಕೆಳಗೆ ಅವಳಿಗೆ ಮೊದಲೇ ಅಭ್ಯಾಸವಿದ್ದ ನಿಲುವು ಅದು. ಅದನ್ನು ನಮ್ಮ ನಡುಮನೆಯಲ್ಲಿ ಕಂಡದ್ದು ಅಪ್ಪನಿಗೆ ಏನು ಮಾಡಿತೋ ನಾನು ಊಹಿಸಬಲ್ಲೆ, ಊಹೆಯನ್ನು ನೆನಪು ಎಂದು ಕರೆಯಲಾರೆ. ಹಲಗೆಯ ಮೇಲೆ ಆ ವಾರ ಹೊಸದೇನೂ ಬರಲಿಲ್ಲ. ಪಂಚಶೀಲಗಳು ಹಾಗೇ ಇದ್ದವು.

“ಅವ್ವ, ಏನು ಮಾಡಿದ್ರೆ ಮೊದಲಿನ ಹಂಗೆ ಆಗುತ್ತೆ?” ಎಂದು ಅಪ್ಪ ಕೇಳಿದ್ದು ಒಂದು ಸಂಜೆ, ಅಜ್ಜಿ ರಾಗಿ ಕೇರುತ್ತಿದ್ದಾಗ.

“ಯಾವುದು?”

“ಚೆಂಬು.”

“ಕೇರಿ ಬಾವೀಲಿ ಹೊಸ ನೀರು ತುಂಬ್ಕಂಡು ಬರಬೇಕು. ನಿಂಗ್ಯಾಕೆ ಬಿಡಪ್ಪ.”

“ಗುಡಿಗೆ ಹೋಗ್ಬೇಕಾ?”

“ಗುಡಿಗ್ಯಾಕೆ? ಅವಳು ಬಂದಿದ್ದು ನಮ್ಮ ಬಾವಿಯಿಂದ. ಗುಡೀಲಿರೋಳು ಊರೋರೋಳು.”

ಅಷ್ಟು ವರ್ಷ ಅಪ್ಪ ದ್ವೇಷಿಸಿದ್ದು ಗುಡಿಯೊಳಗಿನವಳನ್ನು. ಮೊರದಲ್ಲಿ ರಾಗಿ ಹಾರಿ ಹಾರಿ ಬೀಳುತ್ತಿತ್ತು.

“ಭಾನುವಾರ ಹೋಗಣ,” ಎಂದ.

ಹೋದವರು ಅಪ್ಪ, ಅಜ್ಜಿ, ನಾನು, ಮೂವರೇ. ಗೌತಮಿಗೆ ಜ್ವರ, ಹಾಗಾಗಿ ಇಲ್ಲಿಂದ ಮುಂದೆ ನನ್ನನ್ನು ತಿದ್ದುವವರು ಯಾರೂ ಇಲ್ಲ, ಇದೇ ನನಗೆ ಭಯ. ಹಳೇಬೀಡಿನವರೆಗೆ ಬಸ್ಸು, ಅಲ್ಲಿಂದ ಆಟೋ. ಕೇರಿಯ ಬಾವಿಯ ಕಟ್ಟೆ ಒಂದು ಕಡೆ ಕುಸಿದಿತ್ತು, ನೀರು ಆಳದಲ್ಲಿತ್ತು. ಅಜ್ಜಿ ಹಗ್ಗ ಹಿಡಿದಳು, ಭುಜ ಏಳಲಿಲ್ಲ. ಅಪ್ಪ ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಂಡ. ರಾಟೆಯ ಶಬ್ದಕ್ಕೆ ಮನೆಗಳಿಂದ ಜನ ಬಂದರು. ಅಪ್ಪನ ದೊಡ್ಡಪ್ಪನ ಮಗ ಬೀಡಿ ಹಚ್ಚಿಕೊಂಡು ನಕ್ಕ.

“ಏನ್ಲಾ ಮೇಷ್ಟ್ರೇ, ಬುದ್ಧನ್ನ ಬಿಟ್ಟೇನ್ಲಾ?”

“ಬಿಟ್ಟಿಲ್ಲ ಕಣ್ಲಾ. ಅವ್ವನ ಜತೆ ಬಂದಿವ್ನಿ.”

“ಅವ್ವ ಎಳೆಯೋ ನೀರು ನೀನು ಎಳೀತಿದೀಯಲ್ಲ?”

“ಅವ್ವನ ಭುಜ ನೋಯ್ತದೆ.”

ಚೆಂಬು ತುಂಬಿದ ಮೇಲೆ ಅಜ್ಜಿ ಅದರ ಕಂಠಕ್ಕೆ ಅರಿಶಿನ ಹಚ್ಚಿದಳು. ಇಲ್ಲಿ ಅಪ್ಪನ ಕರಾರು ನಡೆಯುವಂತಿರಲಿಲ್ಲ, ಇದು ಅವನ ಮನೆಯಲ್ಲ. ಆಮೇಲೆ ಹೇಳಿದಳು, ನೀರು ಹೊರಬೇಕಾದವನು ಮನೆಯ ಗಂಡುಮಗ, ಮನೆ ಸೇರುವವರೆಗೆ ಇದನ್ನು ನೆಲಕ್ಕೆ ಇಡಬಾರದು.

“ಮೊದಲೇ ಹೇಳ್ಬಾರ್ದಿತ್ತಾ ಅವ್ವ?”

“ಮೊದಲೇ ಹೇಳಿದ್ರೆ ಬತ್ತಿದ್ದೇನೋ?”

“ತಲೆ ಮೇಲೆ ಹೊರಲ್ಲ ನಾನು.”

“ಹೊರಬ್ಯಾಡ.”

“ಕೈಲಿ ಹಿಡ್ಕೋತೀನಿ. ಅಷ್ಟೇ.”

“ಹಿಡ್ಕೊ.”

ಹಳೇಬೀಡಿನಿಂದ ಬೇಲೂರಿನ ಬಸ್ಸು ತುಂಬಿತ್ತು. ಯಾರೋ ಎದ್ದು ಅಜ್ಜಿಗೆ ಜಾಗ ಕೊಟ್ಟರು, ಅವಳ ತೊಡೆಗೆ ಒರಗಿ ನಾನು ನಿಂತೆ. ಅಪ್ಪ ಕಾಲಗಲಿಸಿ, ಬೆನ್ನನ್ನು ಕಂಬಿಗೆ ಆನಿಸಿ, ಎರಡೂ ಕೈಯಲ್ಲಿ ಚೆಂಬು ಹಿಡಿದು ನಿಂತ. ಹಿಂದಿನ ಸೀಟಿನಲ್ಲಿ ಅವನ ಸ್ಕೂಲಿನ ಹುಡುಗಿಯರು ಇದ್ದರು, ನಮಸ್ತೆ ಸಾರ್ ಎಂದರು. ಅವನು ಕೈಮುಗಿಯಲು ಆಗದೆ ತಲೆಯಾಡಿಸಿದ. ಕಂಡಕ್ಟರು ಟಿಕೆಟು ಹರಿಯುತ್ತ ಬಂದು ಅರಿಶಿನ ನೋಡಿದ.

“ದೇವ್ರಾ ಸಾರ್?”

ಅಪ್ಪ ಚೆಂಬನ್ನು ಎದೆಗೆ ಹತ್ತಿರ ಎಳೆದುಕೊಂಡ.

“ನಮ್ಮವ್ವಂದು,” ಎಂದ.

“ಕೆಳಗಿಡಿ ಸಾರ್, ಬ್ರೇಕ್ ಹೊಡೆದ್ರೆ ಚೆಲ್ಲುತ್ತೆ. ಸೀಟ್ ಕೆಳಗೆ ಜಾಗ ಐತಲ್ಲ.”

“ಕೆಳಗಿಡೋ ಹಂಗಿಲ್ಲ ಕಣ್ರೀ.”

ಕಂಡಕ್ಟರು ಮುಂದೆ ಹೋದ. ಅಪ್ಪನ ಅಂಗಿಯ ಮುಂಭಾಗ ಒದ್ದೆಯಾಗಿ ಮೈಗಂಟಿದ್ದನ್ನು ನಾನು ನೋಡಿದೆ. ಅವನಿಗೆ ನಂಬಿಕೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಅವನು ಮಾಡುತ್ತಿದ್ದುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಯಾವುದಾದರೂ ನುಡಿಗಟ್ಟು ಇದೆಯೇ ಎಂದು ನಾನು ಈ ವಯಸ್ಸಿನಲ್ಲೂ ಹುಡುಕುತ್ತೇನೆ. ಹಲಗೆಯ ಮೇಲೆ ಬರೆದದ್ದಂತೂ ಅದಕ್ಕೆ ಹೊಂದುವುದಿಲ್ಲ, ಅವನೇ ಹೇಳಿಕೊಟ್ಟ ಪ್ರಕಾರ. ಒಂದು ತಿರುವಿನಲ್ಲಿ ಬಸ್ಸು ವಾಲಿತು. ಅಜ್ಜಿ ಕಿಟಕಿಯಿಂದ ಮುಖ ತಿರುಗಿಸದೆಯೇ ಸೆರಗಿನ ತುದಿ ಚಾಚಿ ಚೆಂಬಿನ ಬಾಯಿ ಮುಚ್ಚಿ ಹಿಡಿದಳು. ಅವರಿಬ್ಬರ ಕೈಯೂ ಅದರ ಮೇಲಿತ್ತು.

“ಸಂಜೆಗೆ ಹುರುಳಿ ಬಸ್ಸಾರು ಮಾಡ್ತೀನಿ,” ಎಂದಳು. “ಮೂರು ಮುದ್ದೆ ಉಣ್ಣು. ಮಾತಾಡ್ಬ್ಯಾಡ.”